ಮಾಲ್ಟಾದ ಸಂತ ಯೋಹಾನರ ಕ್ಯಾಥೆಡ್ರಲ್: ನೆಲದಿಂದ ಆರಂಭಿಸಿ ನೋಡುವ ಬಗೆ

ಇಟಲಿಯ ಸಿಸಿಲಿಯಿಂದ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಪುಟ್ಟ ದ್ವೀಪ ರಾಷ್ಟ್ರ ಮಾಲ್ಟಾ. ಅದರ ರಾಜಧಾನಿ ವ್ಯಾಲೆಟ್ಟಾದ ಸಂತ ಯೋಹಾನರ ಕೋ-ಕ್ಯಾಥೆಡ್ರಲ್‌ಗೆ ಬರುವವರಲ್ಲಿ ಬಹಳಷ್ಟು ಮಂದಿ ಇಟಲಿಯ ಚಿತ್ರಕಾರ ಕಾರವಾಜ್ಜೊನ ಒಂದೇ ಒಂದು ಚಿತ್ರಕ್ಕಾಗಿ ಬರುತ್ತಾರೆ. ಒಳಗೆ ಕಾಲಿಟ್ಟವರೇ ಆ ಚಿತ್ರವಿರುವ ಕೋಣೆಗೆ ನಡೆದು, ಮೊಬೈಲ್ ಎತ್ತಿ ಹಿಡಿದು, ಹತ್ತು ನಿಮಿಷದಲ್ಲಿ ಹೊರಬಿದ್ದುಬಿಡುತ್ತಾರೆ. ಆ ಚಿತ್ರ ಅಷ್ಟು ದೊಡ್ಡದು ನಿಜ. ಆದರೆ ಅದರ ಕತ್ತಲೆಯ ಬೆಲೆ ತಿಳಿಯಬೇಕಾದರೆ ಮೊದಲು ಈ ಚರ್ಚಿನ ಚಿನ್ನವನ್ನು ಕಣ್ಣು ತುಂಬುವಷ್ಟು ನೋಡಿರಬೇಕು. ಹಾಗಾಗಿ ನಾನು ಹೇಳುವ ಕ್ರಮವೇ ಬೇರೆ: ಮೊದಲು ನೆಲ, ಆಮೇಲೆ ಚಾವಣಿ, ನಂತರ ಗೋಡೆ ಮತ್ತು ಬದಿಯ ಪುಟ್ಟ ಪೂಜಾಕೋಣೆಗಳಾದ ಚಾಪೆಲ್‌ಗಳು, ಕಟ್ಟಕಡೆಗೆ ಕಾರವಾಜ್ಜೊ. ಇದಕ್ಕೆ ಎರಡೂವರೆ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಇಲ್ಲದವರಿಗೆ ಕೊನೆಯಲ್ಲಿ ಒಂದು ಚಿಕ್ಕ ದಾರಿ ಕೊಟ್ಟಿದ್ದೇನೆ.

ಹೊರಡುವ ಮೊದಲು ಎರಡು ಕಥೆ

ಬರೋಕ್, ಅಂದರೆ 17ನೇ ಶತಮಾನದ ಯುರೋಪಿನ ಆಡಂಬರದ ಶೈಲಿಯ, ಚರ್ಚಿನ ಕಲೆ ಕಥೆ ಹೇಳುವ ಕಲೆ. ಕಥೆ ಗೊತ್ತಿಲ್ಲದೆ ಹೋದರೆ ಬರಿಯ ಹೊಳಪು ಕಾಣುತ್ತದೆ. ಇಲ್ಲಿಗೆ ಬೇಕಾದುದು ಎರಡೇ ಕಥೆ.

ಮೊದಲನೆಯದು ಸ್ನಾನಿಕ ಯೋಹಾನನದು. ಮಕ್ಕಳಿಲ್ಲದ ವೃದ್ಧ ಯಾಜಕ ಜಕರೀಯ ಮತ್ತು ಅವನ ಹೆಂಡತಿ ಎಲಿಸಬೇತಳಿಗೆ ದೇವದೂತನ ಮಾತಿನಂತೆ ಹುಟ್ಟಿದ ಮಗ ಯೋಹಾನ. ಅಡವಿಯಲ್ಲಿದ್ದು ಜನರಿಗೆ ಬೋಧಿಸಿದವನು, ಜೋರ್ಡಾನ್ ನದಿಯಲ್ಲಿ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದವನು. ಅಣ್ಣನೋ ತಮ್ಮನೋ ಬದುಕಿರುವಾಗಲೇ ಅವನ ಹೆಂಡತಿ ಹೆರೋದಿಯಳನ್ನು ಕಟ್ಟಿಕೊಂಡದ್ದು ತಪ್ಪು ಎಂದು ಅರಸ ಹೆರೋದನಿಗೆ ಮುಖಕ್ಕೆ ಹೊಡೆದಂತೆ ಹೇಳಿ ಸೆರೆಮನೆ ಸೇರಿದ. ಹೆರೋದನ ಹುಟ್ಟುಹಬ್ಬದ ಔತಣದಲ್ಲಿ ಹೆರೋದಿಯಳ ಮಗಳು ಕುಣಿದಳು. ಮೆಚ್ಚಿದ ಅರಸ ಏನು ಬೇಕಾದರೂ ಕೇಳು ಎಂದ. ತಾಯಿ ಹೇಳಿಕೊಟ್ಟಂತೆ ಅವಳು ತಟ್ಟೆಯಲ್ಲಿ ಯೋಹಾನನ ತಲೆ ಕೇಳಿದಳು. ಈ ಚರ್ಚಿನ ಚಾವಣಿಯಿಂದ ಕಾರವಾಜ್ಜೊನ ಚಿತ್ರದವರೆಗೆ ಹರಿದಿರುವುದು ಇದೇ ಕಥೆ.

ಎರಡನೆಯದು ಈ ಚರ್ಚನ್ನು ಕಟ್ಟಿಸಿದವರ ಕಥೆ. ಜೆರುಸಲೇಮಿಗೆ ಬರುವ ಯಾತ್ರಿಕರ ಆರೈಕೆಗಾಗಿ 11ನೇ ಶತಮಾನದಲ್ಲಿ ಹುಟ್ಟಿದ ಸಂತ ಯೋಹಾನರ ಸಂಘ ಕ್ರಮೇಣ ಖಡ್ಗ ಹಿಡಿದ ಸನ್ಯಾಸಿಗಳ, ಅಂದರೆ ನೈಟ್‌ಗಳ, ಪಡೆಯಾಯಿತು. ಜೆರುಸಲೇಮ್ ಕೈಬಿಟ್ಟ ಮೇಲೆ ರೋಡ್ಸ್ ದ್ವೀಪದಲ್ಲಿ ನೆಲೆಸಿತು. 1522ರಲ್ಲಿ ಸುಲ್ತಾನ್ ಸುಲೇಮಾನನ ಸೇನೆಯೆದುರು ಸೋತು ಅಲ್ಲಿಂದಲೂ ಹೊರಟಿತು. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮಾಲ್ಟಾವನ್ನು ಅವರಿಗೆ ಕೊಟ್ಟ. ವರ್ಷಕ್ಕೊಂದು ಗಿಡುಗ ಒಪ್ಪಿಸಬೇಕೆಂಬುದು ಕರಾರು. 1565ರಲ್ಲಿ ಅಟೋಮನ್ ಸೇನೆ ದ್ವೀಪಕ್ಕೆ ಮುತ್ತಿಗೆ ಹಾಕಿತು. ನಾಲ್ಕು ತಿಂಗಳ ಸುಮಾರು ನಡೆದ ಆ ಕಾಳಗದಲ್ಲಿ ನೈಟ್‌ಗಳೂ ಮಾಲ್ಟಾದ ಜನರೂ ಸೇರಿ ಗೆದ್ದರು. ಮರುವರ್ಷವೇ ಸಂಘದ ಮುಖ್ಯಸ್ಥ, ಗ್ರ್ಯಾಂಡ್ ಮಾಸ್ಟರ್ ಜಾನ್ ದೆ ವ್ಯಾಲೆಟ್ ಹೊಸ ಕೋಟೆ ನಗರಕ್ಕೆ ಅಡಿಗಲ್ಲು ಹಾಕಿದ. ಅವನ ಹೆಸರೇ ವ್ಯಾಲೆಟ್ಟಾ ಎಂದು ಉಳಿಯಿತು. ಯುರೋಪಿನ ದೊಡ್ಡ ಮನೆತನಗಳ ಕಿರಿಯ ಗಂಡುಮಕ್ಕಳೇ ಹೆಚ್ಚಾಗಿದ್ದ ಈ ಸಂಘದಲ್ಲಿ ಊರು, ಭಾಷೆಗಳ ಆಧಾರದ ಮೇಲೆ ಎಂಟು ಬಳಗಗಳಿದ್ದವು. ಪ್ರತಿ ಬಳಗಕ್ಕೂ ಚರ್ಚಿನಲ್ಲಿ ತನ್ನದೇ ಚಾಪೆಲ್. ನಮ್ಮ ಚಾಪೆಲ್ ಅವರದಕ್ಕಿಂತ ಚೆನ್ನಾಗಿರಬೇಕು ಎಂಬ ಪೈಪೋಟಿಯ ಫಲವನ್ನೇ ಇಂದು ನಾವು ನೋಡುವುದು.

ಕರ್ನಾಟಕದಿಂದ ಹೋಗುವವರಿಗೆ ಇನ್ನೊಂದು ಸಿದ್ಧತೆ ಸಾಧ್ಯ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿ ಬನ್ನಿ. 19ನೇ ಶತಮಾನದ ಕೊನೆಯಲ್ಲಿ ಇಟಲಿಯಿಂದ ಬಂದ ಜೆಸ್ವಿಟ್ ಸೋದರ ಆಂತೋನಿಯೊ ಮೊಸ್ಕೇನಿ ಅದರ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಚಾವಣಿಯ ಮೇಲೆ ಒಬ್ಬ ಸಂತನ ಬದುಕನ್ನು ಘಟನೆ ಘಟನೆಯಾಗಿ ಓದಿಕೊಳ್ಳುವ ಅಭ್ಯಾಸ ಅಲ್ಲಿಯೇ ಆಗಿಬಿಟ್ಟರೆ, ವ್ಯಾಲೆಟ್ಟಾದಲ್ಲಿ ಕತ್ತು ಎತ್ತಿದಾಗ ಗಲಿಬಿಲಿಯಾಗುವುದಿಲ್ಲ. ಮೊಸ್ಕೇನಿ ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಫ್ರೆಸ್ಕೊ ವಿಧಾನವನ್ನೂ ಬಳಸಿದರು. ಮಾಲ್ಟಾದ ಚಾವಣಿಯಲ್ಲಿ ಮಾಡಿರುವುದು ಬೇರೆಯೇ ವಿಧಾನ. ಎರಡನ್ನೂ ನೋಡಿದವರಿಗೆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ದಿನ, ವೇಳೆ, ಉಡುಪು

ಮಾಲ್ಟಾಕ್ಕೆ ಷೆಂಗೆನ್ ವೀಸಾ ಬೇಕು, ನಾಣ್ಯ ಯೂರೊ. ಇಂಗ್ಲಿಷ್ ಅಲ್ಲಿನ ಆಡಳಿತ ಭಾಷೆಗಳಲ್ಲೊಂದು, ಆದ್ದರಿಂದ ದಾರಿ ಕೇಳಲು, ಫಲಕ ಓದಲು ತೊಂದರೆಯಿಲ್ಲ.

ಇದು ಇಂದಿಗೂ ಪೂಜೆ ನಡೆಯುವ ಚರ್ಚು. ಭಾನುವಾರ ಪ್ರವಾಸಿಗರಿಗೆ ಪ್ರವೇಶವಿರುವುದಿಲ್ಲ, ಹಬ್ಬದ ದಿನಗಳಲ್ಲಿ ವೇಳೆ ಬದಲಾಗುತ್ತದೆ. ಟಿಕೆಟ್ ದರ, ತೆರೆಯುವ ಸಮಯ ಎರಡನ್ನೂ ಹೋಗುವ ವಾರ ಕ್ಯಾಥೆಡ್ರಲ್‌ನ ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳುವುದೇ ಸರಿ. ಸಂಜೆ ಮುಚ್ಚುವ ಸಮಯಕ್ಕಿಂತ ಸಾಕಷ್ಟು ಮೊದಲೇ ಒಳಗೆ ಬಿಡುವುದನ್ನು ನಿಲ್ಲಿಸುತ್ತಾರೆ ಎಂಬುದು ನೆನಪಿರಲಿ.

ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ವ್ಯಾಲೆಟ್ಟಾದ ಬಂದರಿಗೆ ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಬರುತ್ತವೆ. ಹಡಗು ಬಂದ ದಿನ ನೂರಾರು ಜನ ಒಟ್ಟಿಗೆ ಇಳಿದು ಗೈಡ್‌ಗಳ ಹಿಂದೆ ಇದೇ ಚರ್ಚಿಗೆ ನಡೆಯುತ್ತಾರೆ. ಯಾವ ದಿನ ಯಾವ ಹಡಗು ಬರುತ್ತದೆಂಬ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ಹಡಗಿಲ್ಲದ ದಿನ ಆರಿಸಿಕೊಂಡರೆ ಅರ್ಧ ಗೆದ್ದಂತೆ.

ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಬೇಕು. ಸೀರೆ, ಚೂಡಿದಾರ್, ಪ್ಯಾಂಟ್ ಯಾವುದಾದರೂ ಸರಿ. ಚಪ್ಪಲಿಯ ವಿಷಯದಲ್ಲಿ ಮಾತ್ರ ನಿಯಮ ಕಟ್ಟುನಿಟ್ಟು. ಚೂಪು ಹಿಮ್ಮಡಿಯ ಪಾದರಕ್ಷೆಗೆ ಪ್ರವೇಶವಿಲ್ಲ. ಇದು ಶಿಷ್ಟಾಚಾರದ ಮಾತಲ್ಲ. ನೆಲವೇ ಇಲ್ಲಿನ ಅಮೂಲ್ಯ ಕಲಾಕೃತಿ. ಚೂಪು ಹಿಮ್ಮಡಿಯ ಒತ್ತಡಕ್ಕೆ ಕೂಡಿಸಿದ ಅಮೃತಶಿಲೆಯ ಚೂರುಗಳು ಬಿರುಕು ಬಿಡುತ್ತವೆ. ಚಪ್ಪಟೆ ತಳದ, ಮೆತ್ತನೆಯ ಷೂ ಹಾಕಿಕೊಳ್ಳಿ. ವ್ಯಾಲೆಟ್ಟಾದ ಇಳಿಜಾರು ಬೀದಿಗಳಿಗೂ ಅದೇ ಒಳ್ಳೆಯದು.

ಜೊತೆಗೆ ಒಂದು ಸಣ್ಣ ದುರ್ಬೀನು ಒಯ್ಯಿರಿ. ಪಕ್ಷಿ ನೋಡುವವರು ಬಳಸುವಂಥದ್ದು ಸಾಕು. ಚಾವಣಿಯ ಚಿತ್ರಗಳಿಗೆ ಇದಕ್ಕಿಂತ ಉಪಯುಕ್ತವಾದ ವಸ್ತು ಇನ್ನೊಂದಿಲ್ಲ. ಕತ್ತು ನೋವಿರುವವರು ಮೊಬೈಲಿನ ಮುಂಬದಿಯ ಕ್ಯಾಮೆರಾ ತೆರೆದು ಎದೆಯ ಮಟ್ಟದಲ್ಲಿ ಅಡ್ಡಲಾಗಿ ಹಿಡಿದುಕೊಂಡರೆ ಕನ್ನಡಿಯಲ್ಲಿ ಕಂಡಂತೆ ಚಾವಣಿ ಕಾಣುತ್ತದೆ. ಫ್ಲ್ಯಾಷ್ ಮಾತ್ರ ಆರಿಸಿರಬೇಕು.

ದ್ವೀಪದ ಬಹುತೇಕ ಬಸ್ಸುಗಳು ವ್ಯಾಲೆಟ್ಟಾದ ಕೋಟೆ ಬಾಗಿಲಿನ ಹೊರಗೆ, ಟ್ರೈಟನ್ ಕಾರಂಜಿಯ ಬಳಿ ಬಂದು ನಿಲ್ಲುತ್ತವೆ. ಅಲ್ಲಿಂದ ರಿಪಬ್ಲಿಕ್ ಬೀದಿಯಲ್ಲಿ ನೇರ ನಡೆದರೆ ಹತ್ತು ನಿಮಿಷದೊಳಗೆ ಚರ್ಚು ಸಿಗುತ್ತದೆ.

ಹೊರಗೆ ನಿಂತು ಐದು ನಿಮಿಷ

ಟಿಕೆಟ್ ಸಾಲಿಗೆ ಸೇರುವ ಮೊದಲು ಸುತ್ತಿ ಬಂದು ಮುಂಬಾಗಿಲಿನ ಎದುರಿನ ಚೌಕದಲ್ಲಿ ನಿಲ್ಲಿ. ಎರಡು ಗಂಟೆ ಗೋಪುರಗಳು, ನಡುವೆ ಸಾದಾ ಗೋಡೆ, ಬಾಗಿಲ ಮೇಲೊಂದು ಮೊಗಸಾಲೆ. ಹೊಸದಾಗಿ ಆಯ್ಕೆಯಾದ ಗ್ರ್ಯಾಂಡ್ ಮಾಸ್ಟರ್ ಜನರಿಗೆ ಮುಖ ತೋರಿಸುತ್ತಿದ್ದುದು ಆ ಮೊಗಸಾಲೆಯಿಂದ. ಮಿಕ್ಕಂತೆ ಇದು ಚರ್ಚಿಗಿಂತ ಕೋಟೆಯನ್ನೇ ಹೋಲುತ್ತದೆ. ಆಶ್ಚರ್ಯವಿಲ್ಲ. ಕಟ್ಟಿದ ಜಿರೊಲಮೊ ಕಸ್ಸಾರ್ ಮಾಲ್ಟಾದ ಸೇನಾ ಇಂಜಿನಿಯರ್. ಗ್ರ್ಯಾಂಡ್ ಮಾಸ್ಟರ್ ಜಾನ್ ದೆ ಲಾ ಕಾಸಿಯೇರ್ ಹಣ ಕೊಟ್ಟು ಕಟ್ಟಿಸಿದ. 1577ಕ್ಕೆ ಕಟ್ಟಡ ಮುಗಿದು, 1578ರ ಫೆಬ್ರವರಿಯಲ್ಲಿ ಪ್ರತಿಷ್ಠೆಯಾಯಿತು. ಮುತ್ತಿಗೆಯ ನೆನಪು ಆಗಿನ್ನೂ ಹಸಿ. ಅಲಂಕಾರದ ಕಡೆ ಯಾರಿಗೂ ಗಮನವಿರಲಿಲ್ಲ.

ಒಳಗೂ ಮೊದಲಿಗೆ ಇಷ್ಟೇ ಸಾದಾ ಇತ್ತು. ಬರೋಕ್ ವೈಭವ ಬಂದದ್ದು ಸುಮಾರು 80 ವರ್ಷಗಳ ನಂತರ. ಹೊರಗಿನ ಈ ಬೋಳು ಸುಣ್ಣಕಲ್ಲನ್ನು ಚೆನ್ನಾಗಿ ನೋಡಿಕೊಂಡು ಒಳಗೆ ಹೋಗಿ. ಅಲ್ಲಿನ ಹೊನ್ನಿನ ಕೆತ್ತನೆಯೂ ಇದೇ ಕಲ್ಲು.

ಮೊದಲು ನೆಲ

ಒಳಗೆ ಹೋದ ತಕ್ಷಣ ಕಣ್ಣು ಮೇಲಕ್ಕೆ ಏಳುತ್ತದೆ. ಅದನ್ನು ತಡೆದು ಕೆಳಗೆ ನೋಡಿ. ನಡುಹಜಾರದ ನೆಲವೆಲ್ಲ ಸಮಾಧಿಗಳು. ಸುಮಾರು 400 ಅಮೃತಶಿಲೆಯ ಚಪ್ಪಡಿಗಳು ಒಂದಕ್ಕೊಂದು ಅಂಟಿಕೊಂಡು ಹಾಸಿವೆ. ಪ್ರತಿಯೊಂದರ ಅಡಿಯಲ್ಲೂ ಸಂಘದ ಒಬ್ಬ ಗಣ್ಯ ಮಲಗಿದ್ದಾನೆ.

ಒಂದು ಚಪ್ಪಡಿಯ ಬಳಿ ಮಂಡಿಯೂರಿ ಕುಳಿತು ಹತ್ತಿರದಿಂದ ನೋಡಿ. ಬಣ್ಣ ಬಳಿದದ್ದು ಇಲ್ಲಿ ಏನೂ ಇಲ್ಲ. ತಳದ ಕಲ್ಲಿನಲ್ಲಿ ಆಕಾರಕ್ಕೆ ತಕ್ಕ ಗುಳಿ ಕೊರೆದು, ಕಪ್ಪು, ಹಳದಿ, ಕೆಂಪು, ಹಸಿರು ಕಲ್ಲುಗಳನ್ನು ಅದೇ ಆಕಾರಕ್ಕೆ ಕತ್ತರಿಸಿ ಕೂರಿಸಿ ನಯ ಮಾಡಿದ್ದಾರೆ. ತಾಜಮಹಲಿನ ಹೂಬಳ್ಳಿಗಳನ್ನು ಮಾಡಿರುವುದೂ ಈ ಬಗೆಯ ಕೆಲಸದಿಂದಲೇ. ಅಲ್ಲಿ ಹೂವು, ಇಲ್ಲಿ ಅಸ್ಥಿಪಂಜರ. ಕುಡುಗೋಲು ಹಿಡಿದ ಅಸ್ಥಿಪಂಜರಗಳು, ರೆಕ್ಕೆ ಬಿಚ್ಚಿದ ಮರಳು ಗಡಿಯಾರಗಳು, ತುತ್ತೂರಿ ಊದುವ ದೇವದೂತರು, ಫಿರಂಗಿ, ಬಾವುಟ, ಮನೆತನದ ಲಾಂಛನ. ಪಕ್ಕೆಲುಬುಗಳ ನಡುವಿನ ನೆರಳನ್ನು ತೋರಿಸಲು ಸ್ವಲ್ಪ ಮಾಸಲು ಬಣ್ಣದ ಕಲ್ಲಿನ ಎಳೆಗಳನ್ನು ಸೇರಿಸಿರುವ ಕೆಲಸ ಕಂಡರೆ ಆ ಕುಶಲಕರ್ಮಿಗಳ ಬಗ್ಗೆ ಗೌರವ ಹುಟ್ಟದಿರದು.

ಬರಹವೆಲ್ಲ ಲ್ಯಾಟಿನ್‌ನಲ್ಲಿದೆ. ಹೆಚ್ಚಿನವು ಸತ್ತವನ ಪದವಿ, ಗೆದ್ದ ಕದನ, ಮನೆತನದ ಹೆಗ್ಗಳಿಕೆ ಹೇಳುತ್ತವೆ. ಮುಂಬಾಗಿಲ ಬಳಿಯ ಒಂದು ಕಲ್ಲು ಮಾತ್ರ ನೋಡುಗನನ್ನೇ ಮಾತನಾಡಿಸುತ್ತದೆ: ನನ್ನನ್ನು ತುಳಿಯುತ್ತಿರುವ ನಿನ್ನನ್ನೂ ಮುಂದೆ ತುಳಿಯುತ್ತಾರೆ, ಅದನ್ನು ಯೋಚಿಸು, ನನಗಾಗಿ ಪ್ರಾರ್ಥಿಸು ಎಂದು. ಬರೋಕ್ ಕಾಲದವರಿಗೆ ಸಾವು ಮುಚ್ಚಿಡುವ ವಿಷಯವಾಗಿರಲಿಲ್ಲ. ಕಾಲಡಿಯಲ್ಲಿ ಸಾವು, ತಲೆಯ ಮೇಲೆ ಸ್ವರ್ಗ: ಇದು ಈ ಕಟ್ಟಡದ ಯೋಜನೆ. ನೆಲ ನೋಡದೆ ಚಾವಣಿ ನೋಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಕೆಲವು ಚಪ್ಪಡಿಗಳ ಮೇಲೆ ರಕ್ಷಣೆಗಾಗಿ ಹಾಸು ಹಾಕಿರುತ್ತಾರೆ. ಅದನ್ನು ಸರಿಸಿ ನೋಡಲು ಹೋಗಬೇಡಿ. ತೆರೆದಿರುವುದೇ ಬೇಕಾದಷ್ಟಿದೆ.

ಆಮೇಲೆ ಚಾವಣಿ

ಈಗ ನಡುಹಜಾರದ ಕುರ್ಚಿಯೊಂದರಲ್ಲಿ ಕುಳಿತು, ಬೆನ್ನು ಆನಿಸಿ, ಮೇಲೆ ನೋಡಿ. ಕಂಬಗಳ ಆಸರೆಯಿಲ್ಲದೆ ಗೋಡೆಯಿಂದ ಗೋಡೆಗೆ ಬಾಗಿರುವ ಉದ್ದನೆಯ ಕಮಾನು ಚಾವಣಿ. ಅಡ್ಡಪಟ್ಟಿಗಳು ಅದನ್ನು ಆರು ಅಂಕಣಗಳಾಗಿ ಭಾಗ ಮಾಡಿವೆ. ಅಂಕಣಕ್ಕೆ ಮೂರರಂತೆ 18 ದೃಶ್ಯಗಳಲ್ಲಿ ಸ್ನಾನಿಕ ಯೋಹಾನನ ಬದುಕು ಬಿಚ್ಚಿಕೊಳ್ಳುತ್ತದೆ.

ಬರೆದವನು ಮತ್ತಿಯಾ ಪ್ರೆತಿ. ದಕ್ಷಿಣ ಇಟಲಿಯ ಕಲಾಬ್ರಿಯದವನು. ರೋಮ್, ನೇಪಲ್ಸ್‌ಗಳಲ್ಲಿ ಹೆಸರು ಮಾಡಿದ್ದ. ತಾನೂ ಈ ಸಂಘದ ನೈಟ್. 1661ರಿಂದ 1666ರವರೆಗೆ ಈ ಚಾವಣಿಯ ಕೆಲಸ ಮಾಡಿದ. ಆಮೇಲೂ ಊರಿಗೆ ಮರಳದೆ ಮಾಲ್ಟಾದಲ್ಲೇ ಉಳಿದು 1699ರಲ್ಲಿ ತೀರಿಕೊಂಡ. ಅವನ ಸಮಾಧಿಯೂ ಇದೇ ಚರ್ಚಿನಲ್ಲಿದೆ. ಮುಂದಿನ ಯಾವ ಚಾಪೆಲ್‌ಗೆ ಹೋದರೂ ಅವನ ಕೈ ಎದುರಾಗುತ್ತಲೇ ಇರುತ್ತದೆ. ಈ ಚರ್ಚನ್ನು ಕಾರವಾಜ್ಜೊನ ಚರ್ಚು ಎನ್ನುವುದು ವಾಡಿಕೆಯಾಗಿದೆ. ನನ್ನ ಮಟ್ಟಿಗೆ ಇದು ಪ್ರೆತಿಯ ಚರ್ಚು.

ಪ್ರೆತಿ ಹಸಿ ಗಾರೆಯ ಮೇಲೆ ಬರೆಯಲಿಲ್ಲ. ಮಾಲ್ಟಾದ ಸುಣ್ಣಕಲ್ಲು ಮೆದು, ನೀರು ಎಣ್ಣೆಗಳನ್ನು ಹೀರಿಕೊಳ್ಳುವಂಥದ್ದು. ಆ ಕಲ್ಲಿಗೆ ಎಣ್ಣೆ ಕುಡಿಸಿ ಹದ ಮಾಡಿ, ಅದರ ಮೇಲೆ ನೇರವಾಗಿ ತೈಲವರ್ಣ ಹಚ್ಚಿದ. ಹಸಿ ಗಾರೆ ಒಣಗುವ ಮೊದಲು ಮುಗಿಸಬೇಕೆಂಬ ಅವಸರ ಇದರಲ್ಲಿಲ್ಲ. ಆಳವಾದ ನೆರಳು, ಮಿದುವಾದ ಮೈಬಣ್ಣ ಎರಡೂ ಸಾಧ್ಯ. ದುರ್ಬೀನು ಹಿಡಿದು ಯಾವುದಾದರೊಂದು ಅಂಕಣದಲ್ಲಿ ಬಟ್ಟೆಯ ನೆರಿಗೆಗಳನ್ನು ನೋಡಿದರೆ ಬಣ್ಣ ಎಷ್ಟು ಸಡಿಲವಾಗಿ, ಎಷ್ಟು ಧೈರ್ಯವಾಗಿ ಬಿದ್ದಿದೆ ಎಂಬುದು ತಿಳಿಯುತ್ತದೆ. ಕೆಳಗಿನಿಂದ ನೋಡುವವನ ಕಣ್ಣಿಗೆ ಬೇಕಾದಷ್ಟನ್ನೇ ಬರೆದು ಕೈ ಎತ್ತಿದ್ದಾನೆ.

ದೃಶ್ಯಗಳನ್ನು ಗುರುತಿಸುವುದು ಕಷ್ಟವಲ್ಲ. ಮೊದಲು ಎಲ್ಲರಿಗೂ ಗೊತ್ತಿರುವ ದೀಕ್ಷಾಸ್ನಾನವನ್ನು ಹುಡುಕಿ: ನೀರು, ಬಾಗಿದ ಯೇಸು, ಕೈ ಎತ್ತಿದ ಯೋಹಾನ. ಅಲ್ಲಿಂದ ಒಂದು ಕಡೆಗೆ ಹೋದರೆ ಹುಟ್ಟಿನತ್ತ, ಇನ್ನೊಂದು ಕಡೆಗೆ ಹೋದರೆ ಸೆರೆಮನೆ, ಹೆರೋದನ ಔತಣ, ಶಿರಚ್ಛೇದಗಳತ್ತ ಸಾಗುತ್ತೀರಿ.

ಇನ್ನೊಂದು ಜಾಗದಲ್ಲಿ ಕಣ್ಣು ನಿಲ್ಲಿಸಲೇಬೇಕು. ಚಾವಣಿ ಗೋಡೆಗೆ ಇಳಿಯುವಲ್ಲಿ, ಕಿಟಕಿಗಳ ಎರಡೂ ಬದಿಗೆ, ಸಂಘದ ವೀರರು ಮತ್ತು ಸಂತರ ಆಕೃತಿಗಳಿವೆ. ಮೊದಲ ನೋಟಕ್ಕೆ ಮುಂದಕ್ಕೆ ಚಾಚಿ ಕುಳಿತ ಶಿಲ್ಪಗಳು ಎನಿಸುತ್ತವೆ. ಅವು ಬಣ್ಣ ಮಾತ್ರ. ಆಕೃತಿಯ ಪಕ್ಕದಲ್ಲಿ, ಕಟ್ಟಡದ ಅಂಚಿನ ಮೇಲೆ ಬಿದ್ದಿದೆ ಎನ್ನುವಂತೆ ನೆರಳನ್ನೂ ಬರೆದಿದ್ದಾನೆ. ಎದ್ದು ಹತ್ತು ಹೆಜ್ಜೆ ನಡೆದು ಮತ್ತೆ ನೋಡಿ. ನಿಜವಾದ ಶಿಲ್ಪವಾಗಿದ್ದರೆ ನಿಮ್ಮ ಜೊತೆ ಅದರ ಅಂಚು ಬದಲಾಗಬೇಕಿತ್ತು, ಬದಲಾಗುವುದಿಲ್ಲ. ಹೀಗೆ ಕಟ್ಟಡ ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ಶುರುವಾಯಿತು ಎಂದು ತಿಳಿಯದಂತೆ ಮಾಡುವುದು ಬರೋಕ್ ಕಲೆಯ ಮುಖ್ಯ ವಿದ್ಯೆ. ಮಕ್ಕಳಿದ್ದರೆ ಯಾವುದು ಕಲ್ಲು, ಯಾವುದು ಬಣ್ಣ ಎಂದು ಹೇಳುವ ಆಟ ಕಟ್ಟಿ. ಅವರು ಬೇಗ ಕಲಿಯುತ್ತಾರೆ.

ಗೋಡೆ ಮತ್ತು ಚಾಪೆಲ್‌ಗಳು

ಗೋಡೆಯ ಮೇಲಿನ ಹೊನ್ನಿನ ಬಳ್ಳಿ, ಹೂವು, ದೇವದೂತರ ಮುಖ, ಎಂಟು ಮೊನೆಯ ಶಿಲುಬೆ ಇವೆಲ್ಲ ಬೇರೆಡೆ ಮಾಡಿ ತಂದು ಅಂಟಿಸಿದ ಗಾರೆಯ ಅಚ್ಚುಗಳಲ್ಲ. ಕಟ್ಟಿದ ಗೋಡೆಯ ಕಲ್ಲನ್ನೇ ನಿಂತ ಜಾಗದಲ್ಲಿ ಕೆತ್ತಿ, ಮೇಲೆ ಚಿನ್ನದ ರೇಕು ಹೊದಿಸಿದ್ದಾರೆ. ಈ ಕೆಲಸದ ಹಿಂದೆ ಇದ್ದವರು ಗ್ರ್ಯಾಂಡ್ ಮಾಸ್ಟರ್ ಪದವಿಗೆ ಒಬ್ಬರ ನಂತರ ಒಬ್ಬರು ಏರಿದ ರಾಫಾಯೆಲ್ ಮತ್ತು ನಿಕೊಲಾಸ್ ಕೊಟೊನೆರ್ ಸೋದರರು. ಅವರ ಮನೆತನದ ಲಾಂಛನ ಹತ್ತಿ ಗಿಡ. ಕೆತ್ತನೆಯಲ್ಲಿ ಹತ್ತಿ ಗಿಡ ಕಂಡರೆ ದಾನಿಯ ಗುರುತು ಸಿಕ್ಕಿತೆಂದು ತಿಳಿಯಿರಿ.

ಎರಡೂ ಬದಿಯಲ್ಲಿ ಸಾಲಾಗಿ ಚಾಪೆಲ್‌ಗಳಿವೆ. ಎಲ್ಲವನ್ನೂ ಒಂದೇ ಗಮನದಿಂದ ನೋಡಲು ಹೋದರೆ ಕಣ್ಣು ಸೋಲುತ್ತದೆ. ಮೂರಕ್ಕೆ ಸಮಯ ಕೊಡಿ, ಉಳಿದವನ್ನು ಸುಮ್ಮನೆ ಹಾದು ಹೋಗಿ.

ಮೊದಲನೆಯದು ಅರಗಾನ್ ಬಳಗದ ಚಾಪೆಲ್. ಪೀಠದ ಮೇಲಿರುವ ಸಂತ ಜಾರ್ಜ್‌ನ ಚಿತ್ರ ಪ್ರೆತಿಯದು. ಮಾಲ್ಟಾಕ್ಕೆ ಬಂದು ನೆಲೆಸುವ ಮೊದಲೇ ನೇಪಲ್ಸ್‌ನಲ್ಲಿ ಬರೆದು ಕಳಿಸಿದ್ದು. ಅದನ್ನು ನೋಡಿದ ಮೇಲೆ ಪಕ್ಕದಲ್ಲಿರುವ ನಿಕೊಲಾಸ್ ಕೊಟೊನೆರ್‌ನ ಸ್ಮಾರಕದ ಮುಂದೆ ನಿಲ್ಲಿ. ರೋಮ್‌ನ ಶಿಲ್ಪಿ ದೊಮೆನಿಕೊ ಗುಯಿದಿಯ ಕೆಲಸ. ಮೇಲೆ ಗ್ರ್ಯಾಂಡ್ ಮಾಸ್ಟರ್‌ನ ಎದೆಮಟ್ಟದ ಪ್ರತಿಮೆ, ಸುತ್ತ ಆಯುಧಗಳ ರಾಶಿ. ಆ ಇಡೀ ಭಾರವನ್ನು ಹೊತ್ತಿರುವವರು ಇಬ್ಬರು ಗುಲಾಮರು, ಒಬ್ಬ ಆಫ್ರಿಕದವನು, ಒಬ್ಬ ಏಷ್ಯಾದವನು. ಬಾಗಿದ ಬೆನ್ನು, ಬಿಗಿದ ಮಾಂಸಖಂಡ, ಮೇಲಕ್ಕೆ ಹೊರಳಿದ ಮುಖ ಎಲ್ಲವನ್ನೂ ಅಮೃತಶಿಲೆಯಲ್ಲಿ ತೋರಿಸಿದ ಕೈಚಳಕ ಅಪಾರ. ಅದರೊಂದಿಗೆ ಒಂದು ಸತ್ಯವನ್ನೂ ತಿಳಿದಿರಬೇಕು. ಆ ಕಾಲದ ಮಾಲ್ಟಾ ಗುಲಾಮರ ದೊಡ್ಡ ಮಾರುಕಟ್ಟೆಯಾಗಿತ್ತು. ನೈಟ್‌ಗಳ ಹಡಗುಗಳ ಹುಟ್ಟು ಹಾಕುತ್ತಿದ್ದವರಲ್ಲಿ ಸೆರೆ ಸಿಕ್ಕ ಗುಲಾಮರು ಬಹಳ. ಈ ಚರ್ಚಿನ ಸಂಪತ್ತಿನಲ್ಲಿ ಅವರ ದುಡಿಮೆಯ ಪಾಲೂ ಇದೆ. ಅವರ ಹೆಸರುಗಳನ್ನು ಹೊತ್ತ ಚಪ್ಪಡಿಗಳು ನೆಲದಲ್ಲಿಲ್ಲ. ಈ ಇಬ್ಬರ ಮುಖವನ್ನು ನೋಡದೆ ಮೇಲಿನ ಪ್ರತಿಮೆಯನ್ನಷ್ಟೇ ನೋಡಿ ಹೋಗುವುದು ನ್ಯಾಯವಲ್ಲ.

ಎರಡನೆಯದು ಕ್ಯಾಸ್ಟೀಲ್, ಲಿಯೋನ್ ಮತ್ತು ಪೋರ್ಚುಗಲ್ ಬಳಗದ್ದು. ಗ್ರ್ಯಾಂಡ್ ಮಾಸ್ಟರ್ ಮನೊಯೆಲ್ ದೆ ವಿಲ್ಹೇನನ ಕಂಚಿನ ಸ್ಮಾರಕ, ಎದುರಿಗೆ ಪಿಂಟೊ ದ ಫೊನ್ಸೇಕನ ಸ್ಮಾರಕ. ಪಿಂಟೊನ ಭಾವಚಿತ್ರದ ಹತ್ತಿರ ಹೋಗಿ ನೋಡಿ, ಅದು ಬಣ್ಣದ ಚಿತ್ರವಲ್ಲ, ಸಣ್ಣ ಸಣ್ಣ ಚೂರುಗಳನ್ನು ಜೋಡಿಸಿದ ಮೊಸಾಯಿಕ್.

ಮೂರನೆಯದು ಫಿಲೆರ್ಮೋಸ್ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಮ್ಮನ, ಚಾಪೆಲ್. ಅದರ ಬೆಳ್ಳಿಯ ಕಟಾಂಜನವೇ ಆಕರ್ಷಣೆ. 1798ರಲ್ಲಿ ನೆಪೋಲಿಯನ್ ಮಾಲ್ಟಾವನ್ನು ಹಿಡಿದು ನೈಟ್‌ಗಳನ್ನು ಹೊರಹಾಕಿದಾಗ ಚರ್ಚಿನ ಬೆಳ್ಳಿ ಬಂಗಾರವನ್ನೆಲ್ಲ ಫ್ರೆಂಚರು ದೋಚಿದರು. ಇದು ಹೇಗೆ ಉಳಿಯಿತು ಎಂಬುದಕ್ಕೆ ಮಾಲ್ಟಾದ ಜನ ಹೇಳುವ ಕಥೆ, ಯಾರೋ ಜಾಣರು ಇದಕ್ಕೆ ಕಪ್ಪು ಬಣ್ಣ ಬಳಿದು ಕಬ್ಬಿಣದಂತೆ ಕಾಣಿಸಿದರು ಎಂದು.

ಮುಖ್ಯ ಪೀಠದ ಹಿಂದೆ ಬಿಳಿ ಅಮೃತಶಿಲೆಯ ಯೇಸು ಮತ್ತು ಯೋಹಾನ ನಿಂತಿದ್ದಾರೆ. ಜುಸೆಪ್ಪೆ ಮತ್ಸುವೊಲಿಯ ದೀಕ್ಷಾಸ್ನಾನದ ಶಿಲ್ಪವಿದು, 18ನೇ ಶತಮಾನದ ಆರಂಭದ್ದು. ಈ ಕೆಲಸ ಮೊದಲು ಮಾಲ್ಟಾದವನೇ ಆದ ಮೆಲ್ಕಿಯೊರ್ರೆ ಕಫಾನಿಗೆ ಬಂದಿತ್ತು. ಅವನು 1667ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ.

ಪೀಠಕ್ಕೆ ಬೆನ್ನು ಮಾಡಿ ಒಮ್ಮೆ ಹಿಂದಿರುಗಿ ನೋಡಿ. ಮುಂಬಾಗಿಲಿನ ಮೇಲಿನ ಗೋಡೆ ತುಂಬ ಸಂಘದ ವಿಜಯವನ್ನು ಪ್ರೆತಿ ಬರೆದಿದ್ದಾನೆ. ಬಂದ ದಾರಿಯಲ್ಲೇ ಮುಂದಕ್ಕೆ ನಡೆಯುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಕಟ್ಟಕಡೆಗೆ ಕಾರವಾಜ್ಜೊ

ಈಗ ಪ್ರಾರ್ಥನಾ ಮಂದಿರಕ್ಕೆ ಹೋಗಿ. ಮುಖ್ಯ ಪೀಠಕ್ಕೆ ಮುಖ ಮಾಡಿ ನಿಂತರೆ ಬಲಗಡೆಗೆ ಇದರ ದಾರಿ. 17ನೇ ಶತಮಾನದ ಮೊದಲ ವರ್ಷಗಳಲ್ಲಿ, ಸಂಘಕ್ಕೆ ಹೊಸದಾಗಿ ಸೇರುವ ಯುವಕರ ಪ್ರಾರ್ಥನೆ, ತರಬೇತಿಗಾಗಿ ಕಟ್ಟಿಸಿದ ಕೋಣೆ. ಮುಂದಿನ ಗೋಡೆಯಿಡೀ ಒಂದೇ ಚಿತ್ರ: ಸ್ನಾನಿಕ ಯೋಹಾನನ ಶಿರಚ್ಛೇದ. ಎತ್ತರ ಮೂರೂವರೆ ಮೀಟರಿಗಿಂತ ಹೆಚ್ಚು, ಅಗಲ ಐದು ಮೀಟರಿಗಿಂತ ಹೆಚ್ಚು. ಕಾರವಾಜ್ಜೊನ ಚಿತ್ರಗಳಲ್ಲೆಲ್ಲ ಇದು ದೊಡ್ಡದು. 1608ರಲ್ಲಿ ಬರೆದದ್ದು.

ಗುಂಪು ಇದ್ದರೆ ಹಿಂದಿನ ಗೋಡೆಯ ಬಳಿ ಕಾಯಿರಿ. ಗೈಡ್‌ಗಳ ಜೊತೆ ಬಂದವರು ಬೇಗ ಹೊರಡುತ್ತಾರೆ, ಮುಂದಿನ ಗುಂಪು ಬರುವ ಮೊದಲು ಕೆಲವು ನಿಮಿಷ ಕೋಣೆ ಖಾಲಿಯಾಗುತ್ತದೆ. ಹೇಗೂ ಈ ಚಿತ್ರವನ್ನು ಮೊದಲು ನೋಡಬೇಕಾದದ್ದು ದೂರದಿಂದ. ಅಲ್ಲಿ ನಿಂತಾಗ ಮೊದಲು ಕಾಣುವುದು ಖಾಲಿ ಜಾಗ. ಐದು ಜನ ಎಡಭಾಗದಲ್ಲಿ ಒತ್ತಾಗಿ ಸೇರಿದ್ದಾರೆ. ಬಲಗಡೆ ಕಂದು ಗೋಡೆ, ಸರಳು ಹಾಕಿದ ಕಿಟಕಿ, ತೂಗುವ ಹಗ್ಗ, ಅಷ್ಟೇ. ಇಷ್ಟು ಹೊತ್ತು ಬೆರಳು ಇಡಲೂ ಜಾಗವಿಲ್ಲದಂತೆ ಕೆತ್ತಿದ ಗೋಡೆಗಳನ್ನು ನೋಡಿ ಬಂದ ಕಣ್ಣಿಗೆ ಈ ಬರಿದು ಗೋಡೆ ಬಡಿದಂತಾಗುತ್ತದೆ. ನೇರ ಇಲ್ಲಿಗೇ ಬಂದವರಿಗೆ ಈ ಅನುಭವ ಸಿಗುವುದಿಲ್ಲ.

ನಿಧಾನವಾಗಿ ಮುಂದೆ ಬನ್ನಿ. ಯೋಹಾನ ನೆಲದ ಮೇಲೆ ಬೋರಲಾಗಿ ಬಿದ್ದಿದ್ದಾನೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿದೆ. ಕೊರಳಿಗೆ ಕತ್ತಿಯ ಏಟು ಆಗಲೇ ಬಿದ್ದಿದೆ, ಆದರೆ ತಲೆ ಪೂರ್ತಿ ಬೇರೆಯಾಗಿಲ್ಲ. ಕೊಲೆಗಾರ ಕತ್ತಿಯನ್ನು ನೆಲಕ್ಕೆ ಬಿಟ್ಟು, ಎಡಗೈಯಲ್ಲಿ ಯೋಹಾನನ ಕೂದಲು ಹಿಡಿದು, ಬಲಗೈಯನ್ನು ಬೆನ್ನ ಹಿಂದೆ ಚಾಚಿದ್ದಾನೆ. ಅಲ್ಲಿ ನಡುಪಟ್ಟಿಯಲ್ಲಿರುವ ಸಣ್ಣ ಕಠಾರಿಯನ್ನು ಹಿರಿಯುತ್ತಿದ್ದಾನೆ, ಉಳಿದದ್ದನ್ನು ಕೊಯ್ದು ಮುಗಿಸಲು. ಪಕ್ಕದಲ್ಲಿ ಸೊಂಟಕ್ಕೆ ಬೀಗದ ಕೈಗಳನ್ನು ಕಟ್ಟಿಕೊಂಡ ಸೆರೆಮನೆಯ ಅಧಿಕಾರಿ ಬೆರಳು ತೋರಿಸಿ, ಇದರಲ್ಲಿ ಹಾಕು ಎನ್ನುತ್ತಿದ್ದಾನೆ. ಹುಡುಗಿಯೊಬ್ಬಳು ಹೊನ್ನಿನ ತಟ್ಟೆ ಹಿಡಿದು ಬಾಗಿದ್ದಾಳೆ. ಇಡೀ ಚಿತ್ರದಲ್ಲಿ ಕರುಳು ಕಿವುಚಿದಂತಾಗಿರುವುದು ಒಬ್ಬಳಿಗೇ, ಎರಡೂ ಕೈಯಿಂದ ತಲೆ ಹಿಡಿದುಕೊಂಡ ಮುದುಕಿಗೆ. ಬಲಗಡೆಯ ಕಿಟಕಿಯಿಂದ ಇಬ್ಬರು ಕೈದಿಗಳು ಕತ್ತು ಚಾಚಿ ನೋಡುತ್ತಿದ್ದಾರೆ. ಅವರು ನೋಡುವ ಹಾಗೆಯೇ ನಾವೂ ನೋಡುತ್ತಿದ್ದೇವೆ, ಏನೂ ಮಾಡಲಾಗದೆ. ಇಲ್ಲಿ ದೇವದೂತರಿಲ್ಲ, ಮೋಡ ಸೀಳಿ ಬರುವ ಬೆಳಕಿಲ್ಲ. ಕಚೇರಿ ಕೆಲಸ ಮುಗಿಸುವವರಂತೆ ಜನ ಒಂದು ಕೊಲೆ ಮುಗಿಸುತ್ತಿದ್ದಾರೆ.

ಹತ್ತಿರ ಹೋದ ಮೇಲೆ ಯೋಹಾನನ ಕೊರಳಿನಿಂದ ಹರಿದ ರಕ್ತವನ್ನು ಹಿಂಬಾಲಿಸಿ. ಆ ಕೆಂಪಿನಿಂದಲೇ ಎಳೆ ಎಳೆದು ಚಿತ್ರಕಾರ ತನ್ನ ಹೆಸರು ಬರೆದಿದ್ದಾನೆ: ಮಿಕೆಲಾಂಜೆಲೊ (ಕಾರವಾಜ್ಜೊನ ಸ್ವಂತ ಹೆಸರು), ಅದಕ್ಕೆ ಮುಂಚೆ, ಸಂಘದ ಸದಸ್ಯ ಎನ್ನುವ ಅರ್ಥದಲ್ಲಿ, 'ಸೋದರ' ಎಂಬುದನ್ನು ಸೂಚಿಸುವ ಒಂದಕ್ಷರ. ಅವನು ಹೆಸರು ಹಾಕಿರುವುದು ಈ ಚಿತ್ರ ಒಂದಕ್ಕೇ ಎಂದು ಬಲ್ಲವರು ಹೇಳುತ್ತಾರೆ. ದುರ್ಬೀನು ಇಲ್ಲಿಯೂ ನೆರವಿಗೆ ಬರುತ್ತದೆ.

ಆ ಒಂದಕ್ಷರದ ಹಿಂದಿರುವ ಸಂಗತಿ ಇದು. ರೋಮ್‌ನಲ್ಲಿ 1606ರಲ್ಲಿ ಜಗಳದಲ್ಲಿ ಒಬ್ಬನನ್ನು ಕೊಂದು ಓಡಿಹೋಗಿದ್ದ ಕಾರವಾಜ್ಜೊ 1607ರ ಜುಲೈನಲ್ಲಿ ಮಾಲ್ಟಾಕ್ಕೆ ಬಂದ. ಒಂದು ವರ್ಷದ ನಂತರ, 1608ರ ಜುಲೈನಲ್ಲಿ, ಅವನನ್ನು ನೈಟ್ ಆಗಿ ಸ್ವೀಕರಿಸಿದರು. ಕೆಲವೇ ವಾರಗಳಲ್ಲಿ ಮತ್ತೊಂದು ಹೊಡೆದಾಟದಲ್ಲಿ ಸಿಕ್ಕಿಬಿದ್ದು ಸಂತ ಆಂಜೆಲೊ ಕೋಟೆಯಲ್ಲಿ ಸೆರೆಯಾದ. ಅಲ್ಲಿಂದ ತಪ್ಪಿಸಿಕೊಂಡು ಸಿಸಿಲಿಗೆ ಓಡಿದ. 1608ರ ಡಿಸೆಂಬರ್ 1ರಂದು ಸಂಘದ ಸಭೆ ಇದೇ ಪ್ರಾರ್ಥನಾ ಮಂದಿರದಲ್ಲಿ ಸೇರಿ, ಕೊಳೆತು ನಾರುವ ಅಂಗವನ್ನು ಕತ್ತರಿಸಿದಂತೆ ಅವನನ್ನು ಹೊರಹಾಕಿತು. ಎರಡು ವರ್ಷ ತುಂಬುವ ಮೊದಲೇ ಅವನು ಸತ್ತ.

ಎದುರು ಗೋಡೆಯಲ್ಲಿ ಅವನ ಇನ್ನೊಂದು ಚಿತ್ರವಿದೆ, ಬರೆಯುತ್ತ ಕುಳಿತ ಸಂತ ಜೆರೋಮ್. ಚಿಕ್ಕದಾದರೂ ನಿಂತು ನೋಡಬೇಕಾದದ್ದು. ಮುದುಕನ ಸುಕ್ಕುಗಟ್ಟಿದ ಎದೆ, ಮೇಜಿನ ಮೇಲಿನ ತಲೆಬುರುಡೆ, ಆರಿದ ಮೇಣದ ಬತ್ತಿ. ಬಲಗಡೆಯ ಕೆಳಮೂಲೆಯಲ್ಲಿ ಬರೆಸಿದ ನೈಟ್ ಮಲಸ್ಪೀನನ ಲಾಂಛನ. 1984ರಲ್ಲಿ ಕಳ್ಳರು ಈ ಚಿತ್ರವನ್ನು ಚೌಕಟ್ಟಿನಿಂದ ಕತ್ತರಿಸಿ ಒಯ್ದಿದ್ದರು. ಕೆಲ ವರ್ಷಗಳ ಪಾಡಿನ ನಂತರ ಅದು ಮರಳಿ ದೊರಕಿತು.

ಉಳಿದದ್ದು

ವಸ್ತುಸಂಗ್ರಹದ ಭಾಗದಲ್ಲಿ ಬೃಹತ್ ಚಿತ್ರಜವಳಿಗಳಿವೆ. ಗ್ರ್ಯಾಂಡ್ ಮಾಸ್ಟರ್ ರಾಮೊನ್ ಪೆರೆಯೋಸ್ ದಾನವಾಗಿ ಕೊಟ್ಟ ಇವನ್ನು 1700ರ ಆಸುಪಾಸಿನಲ್ಲಿ ಬ್ರಸೆಲ್ಸ್‌ನಲ್ಲಿ ನೇಯಿಸಿ ತರಿಸಿದ್ದು. ಬಹಳಷ್ಟು ದೃಶ್ಯಗಳ ಮೂಲ ಚಿತ್ರ ರೂಬೆನ್ಸ್‌ನದು. ನೇಯ್ಗೆ ಬಲ್ಲವರಿಗೆ, ಇಳಕಲ್ ಅಥವಾ ಮೊಳಕಾಲ್ಮುರು ಕಡೆಯವರಿಗೆ, ಇಲ್ಲಿಂದ ಕದಲಲು ಮನಸ್ಸಾಗಲಾರದು. ಗ್ರ್ಯಾಂಡ್ ಮಾಸ್ಟರ್‌ಗಳ ನೆಲಮಾಳಿಗೆಯ ಸಮಾಧಿಕೋಣೆ ಎಲ್ಲ ದಿನವೂ ತೆರೆದಿರುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ. ತೆರೆದಿದ್ದರೆ ಇಳಿದು ನೋಡಿ, ವ್ಯಾಲೆಟ್‌ನ ಸಮಾಧಿ ಅಲ್ಲಿದೆ.

ಪ್ರೆತಿ ಮನಸ್ಸಿನಲ್ಲಿ ಉಳಿದರೆ ಮರುದಿನ ಬಸ್ ಹಿಡಿದು ಮಾಲ್ಟಾದ ಹಳೆಯ ರಾಜಧಾನಿ ಮ್ದೀನಾಗೆ ಹೋಗಿ. ಮಾಲ್ಟಾದ ಧರ್ಮಾಧ್ಯಕ್ಷರ ಮೂಲ ಕ್ಯಾಥೆಡ್ರಲ್ ಅಲ್ಲಿದೆ. ಅದರ ಜೊತೆ ಸ್ಥಾನ ಹಂಚಿಕೊಂಡಿರುವುದರಿಂದಲೇ ವ್ಯಾಲೆಟ್ಟಾದ್ದು ಕೋ-ಕ್ಯಾಥೆಡ್ರಲ್. ಅಲ್ಲಿನ ಪೀಠದ ಹಿಂದೆಯೂ ಪ್ರೆತಿಯ ಕೈಕೆಲಸ ಕಾಣಬಹುದು.

ಒಂದೇ ಗಂಟೆ ಇದ್ದರೆ: ನೆಲದ ಒಂದು ಚಪ್ಪಡಿಯನ್ನು ಮಂಡಿಯ ಮೇಲೆ ಕುಳಿತು ನೋಡಲು ಹತ್ತು ನಿಮಿಷ, ಕುರ್ಚಿಯಲ್ಲಿ ಕುಳಿತು ಚಾವಣಿಗೆ ಇಪ್ಪತ್ತು ನಿಮಿಷ, ಅರಗಾನ್ ಚಾಪೆಲ್‌ಗೆ ಹತ್ತು, ಪ್ರಾರ್ಥನಾ ಮಂದಿರಕ್ಕೆ ಇಪ್ಪತ್ತು. ಅಂಥ ದಿನ ಧ್ವನಿ ಮಾರ್ಗದರ್ಶಿಯನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅದು ಎಲ್ಲ ಚಾಪೆಲ್‌ಗಳಿಗೂ ಕರೆದೊಯ್ಯುತ್ತದೆ, ಕಾರವಾಜ್ಜೊನ ಎದುರು ನಿಲ್ಲುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ.